ಪಂಡಿತರ ನಾಲಗೆ

ಹೊನ್ನೂರಿನ ವೈದ್ಯ ಸದಾಶಿವಪ್ಪ ಪಂಡಿತರಿಗೆ ಊಟ ಬಡಿಸುವುದೆಂದರೆ ಸೊಸೆ ವೀರಮ್ಮನಿಗೆ ಮೊದಮೊದಲು ಪರೀಕ್ಷೆಗೆ ಕೂತ ಹಾಗಿತ್ತು. ಒಂದು ತುತ್ತು ಬಾಯಿಗಿಟ್ಟರೆ ಸಾಕು, ಈ ಹುರುಳಿ ಹೋದ ವರ್ಷದ್ದು, ಮಜ್ಜಿಗೆ ಕೆಂದ ಹಸುವಿನದಲ್ಲ, ಒಗ್ಗರಣೆ ಹಾಕುವಾಗ ನಿನ್ನ ಗ್ಯಾನ ಇನ್ನೆಲ್ಲೋ ಇತ್ತು ಎಂದು ಹೇಳಿಬಿಡುತ್ತಿದ್ದರು. ಬೈದು ಹೇಳಿದ್ದಲ್ಲ, ಸುಮ್ಮನೆ ಕಂಡದ್ದನ್ನು ಹೇಳಿದಂತೆ. ಬರಬರುತ್ತಾ ವೀರಮ್ಮನಿಗೆ ಅದು ಹಿಡಿಸಿತು. ತಾನೂ ಬಡಿಸುವ ಮೊದಲು ಅಂಗೈಗೆ ಒಂದು ತೊಟ್ಟು ಸಾರು ಹಾಕಿಕೊಂಡು ನೆಕ್ಕಿ, ಮಾವ ಏನು ಹೇಳಬಹುದೆಂದು ಊಹಿಸುತ್ತಿದ್ದಳು. ನಾಲ್ಕಕ್ಕೆ ಮೂರು ಸಲ ಅವಳ ಊಹೆ ಸರಿಯಾಗುತ್ತಿತ್ತು.

ಅದನ್ನು ಕಂಡೇ ಪಂಡಿತರು ಅವಳನ್ನು ಅರಿಷ್ಟವೆಂಬ ಔಷಧಿ ಮಾಡುವ ಕೆಲಸಕ್ಕೆ ಕರೆದುಕೊಂಡದ್ದು.

ಹಿತ್ತಲಲ್ಲಿ ಹನ್ನೆರಡು ಕರಿದ್ರಾಕ್ಷಿ ಬಳ್ಳಿಗಳ ಚಪ್ಪರವಿತ್ತು. ಪಂಡಿತರ ತಂದೆ ಹಾಕಿದ್ದು. ಒಂದು ವರ್ಷ ಕೊಳೆತ ಸಗಣಿ, ಒಲೆಯ ಬೂದಿ, ಹೊಂಗೆ ಸೊಪ್ಪು, ಇವಿಷ್ಟೇ ಅದರ ಆಹಾರ. ಎಲೆಗೆ ಬೂಷ್ಟು ಹಿಡಿದರೆ ಹುಳಿಮಜ್ಜಿಗೆ ಎರಚಬೇಕು. ಸವರುವುದು ಕೃಷ್ಣಪಕ್ಷದಲ್ಲಿ ಮಾತ್ರ. ಹಣ್ಣು ಸಣ್ಣದು, ದಪ್ಪ ಸಿಪ್ಪೆ, ಬಾಯಲ್ಲಿ ಕೊನೆಗೊಂದು ಒಗರು ಉಳಿಯುತ್ತಿತ್ತು. ಅದನ್ನು ಹಿಂಡಿ, ಕುದಿಸಿ ಬತ್ತಿಸಿ, ಬೆಲ್ಲ ಹಾಕಿ, ಬಿಳಿಗಿರಿರಂಗನ ಬೆಟ್ಟದಿಂದ ಸೋಲಿಗರು ತಂದುಕೊಡುವ ಕೆಂಪು ಧಾತಕಿ ಹೂ ಬೆರೆಸಿ, ಗುಡಾಣಗಳಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಿ ಬತ್ತದ ರಾಶಿಯೊಳಗೆ ಹೂಳಿಡುತ್ತಿದ್ದರು. ತಿಂಗಳು ಕಳೆದ ಮೇಲೆ ಅದು ದ್ರಾಕ್ಷಾರಿಷ್ಟ. ಬಾಣಂತಿಯರಿಗೆ, ಜ್ವರ ಬಿಟ್ಟು ಸೊರಗಿದವರಿಗೆ, ಅನ್ನ ಸೇರದ ಮುದುಕರಿಗೆ ಒಂದೊಂದು ಒಳಲೆ ಲೆಕ್ಕದಲ್ಲಿ ಕೊಡುವುದು. ವೀರಮ್ಮ ಮಗಳನ್ನು ಹೆತ್ತು ಎದ್ದು ನಿಲ್ಲಲಾರದೆ ಮಲಗಿದ್ದಾಗ ಅವಳನ್ನು ಎಬ್ಬಿಸಿ ನಡೆಸಿದ್ದೂ ಅದೇ.

"ಬಳ್ಳಿಗೆ ನಾವು ಏನು ತಿನ್ನಿಸ್ತೀವೋ ಅದ್ನೇ ಬಾಣಂತಿಗೆ ಕುಡಿಸ್ತೀವಿ ಕಣವ್ವ. ಅಷ್ಟು ಗ್ಯಾಪಕ ಇದ್ರೆ ಸಾಕು," ಎನ್ನುತ್ತಿದ್ದರು ಪಂಡಿತರು.

ಅತ್ತೆ ಗುರುಸಿದ್ದಮ್ಮನಿಗೆ ಇದು ಸರಿಬರಲಿಲ್ಲ. "ಮಗ ಇರುವಾಗ ಸೊಸೆಗ್ಯಾಕೆ ಇವೆಲ್ಲ?" ಎಂದು ಗೊಣಗುತ್ತಿದ್ದಳು. ಆದರೆ ಮಗ ಕೆಂಪನಂಜಪ್ಪನಿಗೆ ಇದರಲ್ಲಿ ಮನಸ್ಸಿರಲಿಲ್ಲ. ಅವನು ಕೊಳ್ಳೇಗಾಲದಲ್ಲಿ ರೇಷ್ಮೆ ನೂಲಿನ ಮಳಿಗೆಯೊಂದರಲ್ಲಿ ಐದು ವರ್ಷ ಇದ್ದು ಬಂದವನು. ಅರವತ್ತಮೂರನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ ಅವನ ಬಾಯಲ್ಲಿ ಒಂದೇ ಮಾತು.

"ಅಪ್ಪ, ಇದ್ನ ಸೀಸೆಗೆ ತುಂಬಿ ಅಂಗಡೀಗೆ ಆಕಾನ. ಕೊಳ್ಳೇಗಾಲ್ದಲ್ಲಿ ಕೇಳೋರು ಬೇಕಾದಷ್ಟು ಜನ ಅವ್ರೆ."

"ಯಾರು ಕೇಳೋರು? ಬಾಣಂತೀರಾ?"

"ಯಾರೋ ಒಬ್ರು. ತಕಳೋರು ತಕತಾರೆ."

"ಪಾನನಿರೋಧ ಬಂದ ಮೇಲೆ ಗಂಡಸ್ರಿಗೆಲ್ಲ ಬಾಣಂತನ ಸುರುವಾಗದೆ ಅಂತ ಕೇಳಿದ್ದೀನಿ ಕಣ್ಲಾ," ಎಂದರು ಪಂಡಿತರು. "ನಾಕು ಗುಡಾಣ ಆಯ್ತದೆ. ನಾಕೂರಿಗೆ ಸಾಕು. ಅಂಗಡೀಗೆ ಸಾಲ್ದು."

"ಸಾಲೋ ಅಂಗೆ ಬೆಳೀಬೌದು. ಯಳಂದೂರು ಡಿಪೋಗೆ ಸೀಮೆಗೊಬ್ಬರ ಬಂದದೆ."

ಪಂಡಿತರು ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಅವತ್ತಿನಿಂದ ಅಪ್ಪ ಮಗ ಒಟ್ಟಿಗೆ ಉಣ್ಣುವುದು ನಿಂತಿತು. ಒಬ್ಬರು ಉಂಡು ಎದ್ದ ಮೇಲೆ ಇನ್ನೊಬ್ಬರು. ವೀರಮ್ಮ ಎರಡು ಸಲ ಮುದ್ದೆ ಕಟ್ಟುತ್ತಿದ್ದಳು, ಎರಡು ಸಲ ಸಾರು ಬಿಸಿ ಮಾಡುತ್ತಿದ್ದಳು. ಒಲೆ ಆರುವ ಹೊತ್ತಿಗೆ ಅವಳ ಸೊಂಟ ಬಿದ್ದುಹೋಗುತ್ತಿತ್ತು. ಸೊಂಟಕ್ಕಿಂತ ಹೆಚ್ಚು ನೋಯಿಸುತ್ತಿದ್ದದ್ದು ಆ ಮೌನ. ನಡುಮನೆಯಲ್ಲಿ ಮಗು ಆಡುತ್ತಾ "ತಾತಾ, ಅಪ್ಪ ಕರೀತಾವ್ನೆ" ಎಂದು ಸುಳ್ಳುಸುಳ್ಳೇ ಕೂಗಿದರೂ ಇಬ್ಬರೂ ತಲೆಯೆತ್ತುತ್ತಿರಲಿಲ್ಲ.

ಶಿವರಾತ್ರಿಯಾದ ಮೇಲೆ ಬಂಡಳ್ಳಿಯಿಂದ ಹೇಳಿಕಳಿಸಿದರು. ಪಂಡಿತರ ಮಗಳು ಶಿವರತ್ನಮ್ಮನನ್ನು ಕೊಟ್ಟ ಮನೆ ಅದು. ಅವಳ ಮಾವ ಹಾಸಿಗೆ ಹಿಡಿದಿದ್ದರು. ಪಂಡಿತರು ಔಷಧಿಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು, ಮೊಮ್ಮಕ್ಕಳನ್ನು ನೋಡುತ್ತೇನೆಂದು ಗುರುಸಿದ್ದಮ್ಮನೂ ಜೊತೆಗೆ ಹೋದಳು. ಮೂರು ವಾರ ಬರಲಿಲ್ಲ.

ಎರಡನೇ ದಿನವೇ ಕೆಂಪನಂಜಪ್ಪ ಗಾಡಿಯಲ್ಲಿ ಗೊಬ್ಬರದ ಮೂಟೆ ತಂದಿಳಿಸಿದ. ಬಿಳಿ ಹರಳು, ಮುಟ್ಟಿದರೆ ಕೈ ತಣ್ಣಗಾಗುವಂಥದ್ದು.

"ಮಾವ ಬಂದ್ರೆ ಏನಂದಾರು?" ಎಂದಳು ವೀರಮ್ಮ.

"ಗೊನೆ ನೋಡ್ದ ಮೇಲೆ ಏನೂ ಅನ್ನಲ್ಲ. ನೀರು ಸೇದು ನೀನು."

ಅವಳು ಸೇದಿದಳು. ಅಲ್ಲಿಂದ ಹದಿನೈದು ದಿನ ಬೆಳಿಗ್ಗೆ ನಲವತ್ತು ಬಿಂದಿಗೆ, ಸಂಜೆ ನಲವತ್ತು. ಗಂಡ ತೋಡು ತೆಗೆದು ಬುಡಕ್ಕೆ ಹರಳು ಹಾಕಿ ಮಣ್ಣು ಮುಚ್ಚಿದ, ಅವಳು ನೀರು ಹೊಯ್ದಳು. ಬೇಡವೆನ್ನಬೇಕೆಂದು ಅನ್ನಿಸಲಿಲ್ಲವೆಂದಲ್ಲ. ಗಂಡ ಎಷ್ಟೋ ದಿನಗಳ ಮೇಲೆ ನಗುನಗುತ್ತಾ ಕೆಲಸ ಮಾಡುತ್ತಿದ್ದ. ಅದನ್ನು ಕೆಡಿಸಲು ಅವಳಿಗೆ ಬಾಯಿ ಬರಲಿಲ್ಲ. ಗೊನೆಗಳು ದಿನದಿನಕ್ಕೆ ಉಬ್ಬಿದವು. ಹಣ್ಣು ಹೆಬ್ಬೆರಳ ಗಾತ್ರವಾಯಿತು, ಎಲೆ ಕಪ್ಪಿಗೆ ತಿರುಗುವಷ್ಟು ಹಸಿರಾಯಿತು.

ಯುಗಾದಿಯ ಹಿಂದಿನ ದಿನ ಅತ್ತೆ ಮಾವ ಬಂದರು. ಬೀಗರ ಕಾಯಿಲೆ ವಾಸಿಯಾಗಿತ್ತು. ಪಂಡಿತರು ಖುಷಿಯಲ್ಲಿದ್ದರು. ಕಾಲು ತೊಳೆದು, ಲಿಂಗಪೂಜೆ ಮುಗಿಸಿ, ತಾವಾಗಿಯೇ ಮಗನನ್ನು ಕರೆದರು. "ಬಾರ್ಲಾ ನಂಜಪ್ಪ, ಕೂತ್ಕೊ. ನಾಳೆ ಅಬ್ಬ. ಎಷ್ಟು ದಿಸ ಇಂಗೆ ಮಕ ತಿರುಗಿಸ್ಕಂಡು ಉಣ್ಣೋದು?"

ಕೆಂಪನಂಜಪ್ಪ ಬಂದು ಅಪ್ಪನ ಪಕ್ಕದಲ್ಲಿ ಕೂತ. ಗುರುಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ವೀರಮ್ಮ ಒಂದೇ ಸಲ ಎರಡು ಎಲೆ ಹಾಕಿ ಅನ್ನ, ಅವರೆಕಾಳು ಸಾರು ಬಡಿಸಿದಳು. ಮಗು ಹಿತ್ತಲಿಗೆ ಓಡಿಹೋಗಿ ಒಂದು ಗೊನೆ ಕಿತ್ತುಕೊಂಡು ಬಂದು ತಾತನ ಎಲೆಯ ತುದಿಗಿಟ್ಟಿತು.

ಪಂಡಿತರು ಒಂದು ಹಣ್ಣು ಬಾಯಿಗೆ ಹಾಕಿಕೊಂಡರು. ಅಗಿಯುವುದು ನಿಧಾನವಾಯಿತು. ಬೀಜವನ್ನು ಅಂಗೈಗೆ ಉಗಿದು ನೋಡಿದರು.

"ಇದೇನವ್ವ, ಬರೀ ನೀರು? ಯಾರು ಇಷ್ಟು ನೀರು ಕೊಟ್ಟೋರು?"

ಕೆಂಪನಂಜಪ್ಪನ ಕೈ ಅನ್ನದ ಮೇಲೆ ನಿಂತುಬಿಟ್ಟಿತು. ಮಾವ ಕೇಳಿದ್ದು ಅವನನ್ನಲ್ಲ, ವೀರಮ್ಮನನ್ನು. ಅವಳು ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ನಿಜ ಹೇಳಿದರೆ ಈ ಎರಡು ಎಲೆಗಳಲ್ಲಿ ಒಂದರ ಮುಂದಿನ ಜಾಗ ಈಗಲೇ ಖಾಲಿಯಾಗುತ್ತದೆ ಎನ್ನುವುದೊಂದೇ ಅವಳ ತಲೆಯಲ್ಲಿ ಇದ್ದದ್ದು.

"ಮಳೆ ಬಂತು ಮಾವ. ನೀವು ಓದ ಮೇಲೆ ಎರಡು ಸಲ ಜೋರಾಗಿ ಬಂತು."

"ಬಂಡಳ್ಳಿ ಕಡೆ ಒಂದು ಅನೀನೂ ಇಲ್ವಲ್ಲ," ಎಂದಳು ಗುರುಸಿದ್ದಮ್ಮ.

"ಮಳೆ ಮಾತು ಯಾರಿಗ್ಗೊತ್ತು," ಎಂದರು ಪಂಡಿತರು, ಮತ್ತೆ ಊಟಕ್ಕೆ ಕೈ ಹಾಕಿ. "ಮಳೆ ನೀರಾದ್ರೆ ಇಂಗೆ ಇರಬಾರ್ದು. ಇರ್ಲಿ."

ಊಟ ಮುಗಿಯಿತು. ಅಪ್ಪ ಮಗ ಒಟ್ಟಿಗೆ ಎದ್ದು ಕೈ ತೊಳೆದರು. ವೀರಮ್ಮನಿಗೆ ಅವತ್ತು ತಾನು ತಪ್ಪು ಮಾಡಿದೆನೆಂದು ಅನ್ನಿಸಲಿಲ್ಲ. ಒಂದು ಮನೆಯನ್ನು ಉಳಿಸಿದೆನೆಂದೇ ಅನ್ನಿಸಿತು.

ಆ ವರ್ಷ ನಾಲ್ಕಲ್ಲ, ಒಂಬತ್ತು ಗುಡಾಣ ತುಂಬಿತು. ಹೆಚ್ಚಿಗೆ ಬೇಕಾದ ಗುಡಾಣಗಳನ್ನು ಕೆಂಪನಂಜಪ್ಪನೇ ಕುಂಬಾರರ ಮನೆಯಿಂದ ಹೊತ್ತು ತಂದ. ಪಂಡಿತರು ಬೇಡವೆನ್ನಲಿಲ್ಲ. ದಿನಾ ಬೆಳಿಗ್ಗೆ ಬತ್ತದ ಕೋಣೆಗೆ ಹೋಗಿ ಗುಡಾಣಕ್ಕೆ ಕಿವಿಯಿಟ್ಟು ಒಳಗಿನ ಗುಳುಗುಳು ಸದ್ದು ಕೇಳುತ್ತಿದ್ದರು. ಮೂರನೇ ವಾರ ಬಾಯಿ ಬಿಚ್ಚಿ ಬೆಂಕಿಕಡ್ಡಿ ಗೀರಿ ಹಿಡಿದಾಗ ಉರಿ ಆರಿತು. ಒಳಗಿನ ಕೆಲಸ ಇನ್ನೂ ಮುಗಿದಿಲ್ಲವೆಂದು ಅರ್ಥ. ಮುಂದಿನ ವಾರ ಕಡ್ಡಿ ನೆಟ್ಟಗೆ ಉರಿಯಿತು. ಸೋಸಿ ಒಂದು ಬಟ್ಟಲಿಗೆ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹೋದರು. ನಾಲಗೆಗೆ ಇಟ್ಟರು. ಇನ್ನೊಂದು ಸಲ ಇಟ್ಟರು. ಬಾಯಿ ಮುಕ್ಕಳಿಸಿ ಬಂದು ಮೂರನೇ ಸಲ ಇಟ್ಟರು.

ಆಮೇಲೆ ಬಟ್ಟಲನ್ನು ವೀರಮ್ಮನ ಕೈಗೆ ಕೊಟ್ಟರು.

"ನಂಗೆ ಇದು ಅರಿಷ್ಟ ಅನ್ನಿಸ್ತಾ ಇಲ್ಲ ಕಣವ್ವ. ನೀ ಏಳು."

ವೀರಮ್ಮ ಒಂದು ತೊಟ್ಟು ಬಾಯಿಗೆ ಹಾಕಿಕೊಂಡಳು. ಸಿಹಿ ಇತ್ತು, ಉರಿ ಇತ್ತು. ಕೊನೆಯ ಒಗರು ಇರಲಿಲ್ಲ. ಬೆಲ್ಲದ ನೀರಿಗೆ ಬಣ್ಣ ಬಂದ ಹಾಗಿತ್ತು. ಬಾಗಿಲಲ್ಲಿ ಗಂಡ ನಿಂತಿದ್ದ. ಇವತ್ತು ಹೌದು, ಇದು ಅರಿಷ್ಟವಲ್ಲ ಎಂದರೆ ಅವತ್ತಿನ ಮಳೆಯ ಮಾತಿಗೆ ಉತ್ತರ ಕೊಡಬೇಕು.

"ಯಾವಾಗಿನ ಅಂಗೇ ಅದೆ ಮಾವ."

"ಸರ್ಯಾಗಿ ನೋಡ್ದ್ಯಾ?"

"ನೋಡ್ದೆ. ವ್ಯತ್ಯಾಸ ಏನಿಲ್ಲ."

ಪಂಡಿತರು ಅವಳ ಮುಖವನ್ನು ನೋಡಿದರು. ಅನುಮಾನದಿಂದಲ್ಲ. ದಾರಿ ತಪ್ಪಿದವನು ಎದುರು ಬಂದವರನ್ನು ನೋಡುವ ಹಾಗೆ. ಅವಳ ನಾಲಗೆಯನ್ನು ಆರು ವರ್ಷ ತಿದ್ದಿದವರು ಅವರೇ. ಅದು ಸುಳ್ಳಾಡುತ್ತದೆಂದು ಅವರಿಗೆ ಹೊಳೆಯಲೇ ಇಲ್ಲ.

"ಅಂಗಾದ್ರೆ ನಂದು ಓಯ್ತು," ಎಂದರು. "ವಯಸ್ಸಾಯ್ತಲ್ಲ."

ಆವತ್ತಿನಿಂದ ಅವರು ಊಟದಲ್ಲಿ ಏನನ್ನೂ ಹೇಳುವುದನ್ನು ಬಿಟ್ಟರು. ಒಂದು ದಿನ ವೀರಮ್ಮ ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ಏನಾದರೂ ಅಂದಾರೆಂದು ಕಾದಳು. ಪಂಡಿತರು ತಲೆಬಗ್ಗಿಸಿ ಮುದ್ದೆ ಮುಗಿಸಿದರು. ಗುರುಸಿದ್ದಮ್ಮ ಒಂದು ತುತ್ತಿಗೇ ಮುಖ ಕಿವುಚಿ, "ಏನೇ ಇದು, ಉಪ್ಪೇ ಇಲ್ಲ! ನಿಮಗೆ ಗೊತ್ತಾಗ್ಲಿಲ್ವ?" ಎಂದು ಗಂಡನನ್ನು ಕೇಳಿದಳು.

"ಇಲ್ಲ ಅನ್ನಿಸ್ತು. ನಂದೇ ಏನೋ ಅಂದ್ಕಂಡೆ," ಎಂದರು ಅವರು.

ವೀರಮ್ಮ ಅಡಿಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಸಂಜೆ ಗಂಡನಿಗೆ, "ಏಳ್ಬುಡಾನ ಕಣ್ರಿ. ನೋಡಕ್ಕಾಗಲ್ಲ ನಂಗೆ," ಎಂದಳು.

"ಈಗೇಳಿದ್ರೆ ಒಂಬತ್ತು ಗುಡಾಣಾನೂ ತಿಪ್ಪೇಗೆ ಸುರೀತಾನೆ. ಆಮೇಲೆ ಏಳಾನ, ಎಲ್ಲ ಒಂದು ದಾರೀಗೆ ಬರ್ಲಿ."

ಅವನ ದಾರಿ ಬೇಗನೆ ಬಂತು. ಕೊಳ್ಳೇಗಾಲದಲ್ಲಿ ಚೀಟಿ ಅಚ್ಚು ಹಾಕಿಸಿ ಸೀಸೆಗೆ ಅಂಟಿಸಿದ. 'ಹೊನ್ನೂರು ಪಂಡಿತ ಸದಾಶಿವಪ್ಪನವರ ದ್ರಾಕ್ಷಾರಿಷ್ಟ'. ಎರಡು ತಿಂಗಳಲ್ಲಿ ಆರು ಗುಡಾಣ ಖಾಲಿಯಾದವು. ಯಳಂದೂರು ಸಂತೆಗೆ ಹೋಗಿ ಬಂದ ಗುರುಸಿದ್ದಮ್ಮ ಚೀಲವನ್ನು ಜಗುಲಿಯ ಮೇಲೆ ಕುಕ್ಕಿ ಮಗನ ಮುಂದೆ ನಿಂತಳು.

"ಏನ್ಲಾ, ಕೊಳ್ಳೇಗಾಲ್ದಲ್ಲಿ ಕುಡುಕ್ರು ನಿಮ್ಮಪ್ಪನ ಎಸರು ಇಡ್ಕೊಂಡು ಕೇಳ್ತಾವ್ರಂತೆ? 'ಎರಡು ಸದಾಶಿವಪ್ಪ ಕೊಡಿ' ಅಂತಾರಂತೆ. ಲಿಂಗ ಕಟ್ಕಂಡ ಮನೇಲಿ ಸೆರೆ ವ್ಯಾಪಾರಾನ?"

"ಔಸ್ದಿ ಅವ್ವ ಅದು."

"ಔಸ್ದಿ ಕುಡ್ದು ಚರಂಡೀಲಿ ಬೀಳ್ತಾರಾ? ನೀವಾದ್ರೂ ಏಳ್ರಿ!" ಎಂದು ಗಂಡನ ಕಡೆ ತಿರುಗಿದಳು.

ಪಂಡಿತರು ಮಗುವಿನ ತಲೆಗೆ ಎಣ್ಣೆ ಹಚ್ಚುತ್ತಿದ್ದರು. "ನಾನೇನು ಏಳ್ಲಿ? ಅದು ಔಸ್ದಿ ಔದೋ ಅಲ್ವೋ ಅನ್ನಕ್ಕೆ ನಂಗೀಗ ತಿಳುವಳ್ಕೆ ಎಲ್ಲದೆ?"

ಆಷಾಢದ ಹೊತ್ತಿಗೆ ಅವರು ನಾಡಿ ಹಿಡಿಯುವುದನ್ನೂ ಬಿಟ್ಟಿದ್ದರು. ನಾಲಗೆ ಸುಳ್ಳು ಹೇಳಿದ ಮೇಲೆ ಬೆರಳು ನಿಜ ಹೇಳುತ್ತದೆಂದು ಹೇಗೆ ನಂಬುವುದು ಎಂದು ಬಂದವರನ್ನೇ ಕೇಳುತ್ತಿದ್ದರು. ಬಂದವರು ಸ್ವಲ್ಪ ಹೊತ್ತು ಕೂತು, ಮಜ್ಜಿಗೆ ಕುಡಿದು, ಹೋಗುತ್ತಿದ್ದರು.

ಶ್ರಾವಣದಲ್ಲಿ ಕೆಳಗಲ ಬೀದಿಯ ಚಿಕ್ಕಬಸಮ್ಮ ತನ್ನ ಮಗಳು ಪುಟ್ಟಮಾದಮ್ಮನನ್ನು ಹೆಗಲಿಗೆ ಆನಿಸಿಕೊಂಡು ಬಂದಳು. ಹೆತ್ತು ಇಪ್ಪತ್ತು ದಿನ. ಜ್ವರ ಬಿಟ್ಟುಬಿಟ್ಟು ಬರುತ್ತಿತ್ತು, ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಹುಡುಗಿ ಜಗುಲಿಯ ಮೇಲೆ ಕೂತು, ಯಾರೂ ಹೇಳದೆಯೇ ಕೈ ಮುಂದಕ್ಕೆ ಚಾಚಿದಳು. ಚಿಕ್ಕಂದಿನಿಂದ ಹಾಗೆ ಚಾಚಿ ರೂಢಿ.

ಪಂಡಿತರು ಆ ಕೈಯನ್ನು ನೋಡಿದರು. ಮುಟ್ಟಲಿಲ್ಲ.

"ಕೊಳ್ಳೇಗಾಲದ ಆಸ್ಪತ್ರೆಗೆ ಕರ್ಕೊಂಡೋಗು ಬಸಮ್ಮ."

"ನೀವೊಂದು ಸಲ ನೋಡಿ ಪಂಡಿತ್ರೇ. ಇವಳವ್ವ ನಾನು ಬದುಕಿರೋದೂ ನಿಮ್ಮ ಕೈಯಿಂದ್ಲೆ."

"ನನ್ ಕೈಲಿ ಆಗಲ್ಲ. ನಂಗೀಗ ಏನೂ ತಿಳಿಯಲ್ಲ. ಗಾಡಿ ಕಟ್ಟಿಸ್ಕಂಡು ಓಗು, ತಡ ಮಾಡ್ಬೇಡ," ಎಂದು ಅವರು ಒಳಗೆ ಎದ್ದುಹೋದರು.

ವೀರಮ್ಮನಿಗೆ ತಡೆಯಲಾಗಲಿಲ್ಲ. ಹಿಂದಿನ ವರ್ಷದ ಅರಿಷ್ಟ ಒಂದು ಜಾಡಿಯ ತಳದಲ್ಲಿ ನಾಲ್ಕೈದು ಒಳಲೆಯಷ್ಟು ಉಳಿದಿತ್ತು. ಸೀಸೆಗೆ ಬಗ್ಗಿಸಿಕೊಂಡು ಹಿತ್ತಲ ಬಾಗಿಲಿಂದ ಓಡಿಹೋಗಿ ಚಿಕ್ಕಬಸಮ್ಮನ ಮಡಿಲಿಗೆ ಹಾಕಿದಳು. ಅದು ಐದು ದಿನಕ್ಕಾಯಿತು. ಗಾಡಿಗಳೆಲ್ಲ ಕಬ್ಬು ಹೇರಿಕೊಂಡು ಹೋಗಿದ್ದವು, ಇವತ್ತು ನಾಳೆ ಎನ್ನುತ್ತಾ ಆಸ್ಪತ್ರೆ ಮುಂದಕ್ಕೆ ಹೋಯಿತು. ಹನ್ನೆರಡನೆಯ ದಿನ ಪುಟ್ಟಮಾದಮ್ಮ ಹೋಗಿಬಿಟ್ಟಳು. ಕೂಸು ಉಳಿಯಿತು.

ವೀರಮ್ಮ ಇನ್ನೊಂದು ವಾರ ತಡೆದಳು. ಒಂದು ಬೆಳಿಗ್ಗೆ ಪಂಡಿತರು ಕೊಟ್ಟಿಗೆಯಲ್ಲಿ ಕರುವಿಗೆ ಹುಲ್ಲು ಹಾಕುತ್ತಿದ್ದರು. ಅವಳು ಸಗಣಿಯ ಮಂಕರಿಯನ್ನು ಕೆಳಗಿಟ್ಟು ನಿಂತಳು.

"ಮಾವ, ಅವತ್ತು ಮಳೆ ಬಂದಿರ್ಲಿಲ್ಲ."

"ಯಾವತ್ತು?"

"ನೀವು ಬಂಡಳ್ಳಿಗೆ ಓಗಿದ್ದಾಗ. ಬಳ್ಳೀಗೆ ಸೀಮೆಗೊಬ್ಬರ ಆಕಿದ್ರು. ನೀರು ಸೇದಿ ಉಯ್ದೋಳು ನಾನೇ."

ಹುಲ್ಲಿನ ಕಟ್ಟು ಅವರ ಕೈಯಲ್ಲೇ ಇತ್ತು. ಕರು ಕತ್ತು ಚಾಚಿ ಎಳೆಯುತ್ತಿತ್ತು.

"ಗುಡಾಣ ತೆಗೆದ ದಿಸ ನೀನೂ ನಾಲ್ಗೆಗಿಟ್ಟೆಯಲ್ಲವ್ವ?"

"ಸುಳ್ಳೇಳ್ದೆ ಮಾವ. ಅದು ಅರಿಷ್ಟ ಆಗಿರ್ಲಿಲ್ಲ. ನಿಮ್ಮ ನಾಲ್ಗೆ ಸರಿಯಾಗೇ ಇತ್ತು."

ಇದನ್ನು ಕೇಳಿದರೆ ಮಾವ ಸಿಟ್ಟಾಗುತ್ತಾರೆ, ಹೊಡೆದರೂ ಹೊಡೆಯಬಹುದು, ಆಮೇಲೆ ಹೋದದ್ದು ತಿರುಗಿ ಬಂತೆಂದು ಒಳಗೊಳಗೇ ಸಮಾಧಾನ ಪಡುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಆದರೆ ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಬಣ್ಣ ಇಳಿದುಹೋಗಿತ್ತು.

"ಬಸಮ್ಮನ ಮಗಳು ಕೈ ಚಾಚಿದ್ಲು ಕಣವ್ವ," ಎಂದರು. "ನಂಗೇನೂ ತಿಳಿಯಲ್ಲ, ನಂದೇನು ತಪ್ಪು ಅಂತ ಇಷ್ಟು ದಿಸ ಉಣ್ತಾ ಇದ್ದೆ. ಈಗ ನೀನು ಬಂದು ತಿಳೀತಿತ್ತು ಅಂತೀಯೆ."

"ಮಾವ..."

"ಏಳೋದಾದ್ರೆ ಆವತ್ತೇ ಏಳ್ಬೇಕಿತ್ತು. ಇಲ್ದಿದ್ರೆ ನಾನು ಸಾಯೋಗಂಟ ಏಳಬಾರ್ದಿತ್ತು."

ಹುಲ್ಲನ್ನು ಕರುವಿನ ಮುಂದೆ ಹಾಕಿ, ಹೆಗಲ ವಸ್ತ್ರ ಸರಿಮಾಡಿಕೊಂಡು, ಅವರು ಕೆಳಗಲ ಬೀದಿಯ ಕಡೆ ನಡೆದರು. ವೀರಮ್ಮ ಮಂಕರಿಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು. ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಹಲ್ಲು ಕಚ್ಚಿ, "ನಿಂಗ್ಯಾರು ಏಳು ಅಂದೋರು? ಬೀದಿ ಮುಂದೆಲ್ಲ ನಮ್ಮ ಮರ್ವಾದಿ ಓಯ್ತು," ಎಂದ. ಅವಳು ರಾಗಿ ಮೊರ ಹಿಡಿದು ಕೂತಳು.

ಮಧ್ಯಾಹ್ನ ಪಂಡಿತರು ವಾಪಸು ಬಂದರು. ಬಲಗೆನ್ನೆಯ ಮೇಲೆ ಉಗುರಿನ ಗೀರು ಇತ್ತು. ಗುರುಸಿದ್ದಮ್ಮ ಅದನ್ನು ನೋಡಿ ಕಿರುಚಿಕೊಂಡಳು. ಅವರು ಕೈಯೆತ್ತಿ ಸುಮ್ಮನಿರೆಂದು ಸನ್ನೆ ಮಾಡಿದರು. ವೀರಮ್ಮ ನೀರಿನ ಚೊಂಬು ಕೊಟ್ಟಾಗ ಮೆಲ್ಲಗೆ ಹೇಳಿದರು.

"ಬಸಮ್ಮಂಗೆ ಏಳ್ದೆ. ನಂಗೆ ಎಲ್ಲ ತಿಳೀತಿತ್ತು, ಬೇಕೂಂತ್ಲೇ ಕೈ ಮುಟ್ಟದೆ ಕಳಿಸ್ದೆ ಅಂತ. ನಿನ್ನ ಎಸರು ಎತ್ಲಿಲ್ಲ."

"ಯಾಕೆ ಮಾವ ಅಂಗಂದ್ರಿ?"

"ನಿಂಗೆ ಮಗು ಅದೆ. ಈ ಬೀದೀಲಿ ಇನ್ನೂ ನಲವತ್ತು ವರ್ಷ ಓಡಾಡ್ಬೇಕು ನೀನು."

ಆಮೇಲಿನ ಸಂಗತಿ ಬೇಗ ಹೇಳಿ ಮುಗಿಸಬಹುದು. ಊರು ಪಂಡಿತರ ಮನೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟಿತು. ಅಬಕಾರಿಯವರು ಕೊಳ್ಳೇಗಾಲದಲ್ಲಿ ಸೀಸೆಗಳನ್ನು ಹಿಡಿದ ಮೇಲೆ ಕೆಂಪನಂಜಪ್ಪ ವ್ಯಾಪಾರ ಕೈಬಿಟ್ಟು, ಚಪ್ಪರ ಕಿತ್ತು, ಹಿಪ್ಪುನೇರಳೆ ಹಾಕಿದ. ಅದರಲ್ಲಿ ಅವನು ಚೆನ್ನಾಗಿಯೇ ಮಾಡಿಕೊಂಡ. ಪಂಡಿತರು ಇನ್ನೂ ಐದು ವರ್ಷ ಇದ್ದರು. ವೀರಮ್ಮ ಬಡಿಸಿದ್ದನ್ನು ಉಂಡರು, ಮೊಮ್ಮಗಳಿಗೆ ಅಕ್ಷರ ಕಲಿಸಿದರು. ಒಂದು ದಿನವೂ ಸೊಸೆಗೆ ಗಡುಸಾದ ಮಾತನ್ನಾಡಲಿಲ್ಲ. ಆಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಪಂಡಿತರು ತೀರಿಹೋದ ವರ್ಷ, ಕಾರ್ಯವೆಲ್ಲ ಮುಗಿದ ಮೇಲೆ, ವೀರಮ್ಮ ಕಾಲುವೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಚಿಕ್ಕಬಸಮ್ಮ ಮೊಮ್ಮಗನನ್ನು ನೀರಿಗೆ ಇಳಿಸಿ ಮೈ ಉಜ್ಜುತ್ತಿದ್ದಳು. ಪಂಡಿತರ ಮನೆಗೆ ಅವಳು ಬಂದಿರಲಿಲ್ಲ, ಹೆಣ ನೋಡುವುದಕ್ಕೂ. ವೀರಮ್ಮನನ್ನು ಕಂಡು ಪಕ್ಕಕ್ಕೆ ಸರಿದು ಒಗೆಯುವ ಕಲ್ಲಿಗೆ ಜಾಗ ಮಾಡಿಕೊಟ್ಟಳು.

"ಬಾ ಕೂಸೆ, ಇಲ್ಲೇ ಒಕ್ಕೊ," ಎಂದಳು. "ಮುದುಕ ಓದ. ಓದೋರ ಮಾತು ಬೇಡ. ಆದ್ರೆ ನಿನ್ನ ನಾನು ಮರೆಯಕಿಲ್ಲ. ಆವತ್ತು ಇತ್ತಲ ಬಾಗಿಲಿಂದ ಓಡ್ ಬಂದು ಸೀಸೆ ಕೊಟ್ಟೆಯಲ್ಲ. ಆ ಮನೇಲಿ ನೆಟ್ಟಗಿರೋಳು ಅಂದ್ರೆ ನೀನೊಬ್ಳೇ ಕಣವ್ವ."

ವೀರಮ್ಮ ಬಾಯಿ ತೆರೆದಳು. ಹುಡುಗ ತಲೆಯ ನೀರು ಕೊಡವಿ ಅವಳನ್ನು ನೋಡಿ ನಕ್ಕ. ಚಿಕ್ಕಬಸಮ್ಮ ಅವಳ ಬಟ್ಟೆಯ ಗಂಟನ್ನು ತಾನೇ ಬಿಚ್ಚಿ, ಒಂದು ಸೀರೆಯನ್ನು ನೀರಿಗೆ ಅದ್ದಿ, ಕಲ್ಲಿನ ಮೇಲೆ ಹರಡಿಕೊಟ್ಟಳು.

"ಯಾಕವ್ವ, ಏನೋ ಏಳಕ್ಕೋದೆ?"

"ಏನಿಲ್ಲ," ಎಂದಳು ವೀರಮ್ಮ, ಮತ್ತು ಸೀರೆಗೆ ಸೋಪು ಹಚ್ಚತೊಡಗಿದಳು.